ನಾಲ್ಕು ಚಕ್ರ, ಒಂದೇ ಗಾಳಿ

ನನ್ನ ಎಡಗಿವಿ ಕೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವುದರಲ್ಲಿ ಹೆಚ್ಚಿನದು ಕಾರಿನ ಎಡಗಡೆಯ ಸಂಗತಿ. ಕೆಲವು ವರ್ಷಗಳ ಹಿಂದೆ ಒಂದು ಜ್ವರ ಬಂತು, ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮನೆಯಲ್ಲಿ, ಕಚೇರಿಯಲ್ಲಿ, ತರಕಾರಿ ಅಂಗಡಿಯಲ್ಲಿ ನಾನು ಸದಾ ಮಾತು ಬಂದ ದಿಕ್ಕಿಗೆ ಬಲಗೆನ್ನೆ ತಿರುಗಿಸುತ್ತ ಇರುತ್ತೇನೆ. ಒಬ್ಬಳೇ ಕಾರು ಓಡಿಸುವಾಗ ಮಾತ್ರ ಹಾಗೆ ತಿರುಗಬೇಕಾಗಿಲ್ಲ. ಅಣ್ಣಾ ನಗರದ ಮನೆಯಿಂದ ಬೆಸೆಂಟ್ ನಗರದ ಕಚೇರಿಗೆ ಹೋಗುವ ಆ ದಾರಿಯಲ್ಲಿ ನನಗೆ ಏನೂ ಕಡಿಮೆಯಾದಂತೆ ಅನ್ನಿಸುವುದಿಲ್ಲ.

ಬೇರೆಯವರು ಕೂತಾಗ ಲೆಕ್ಕ ಬದಲಾಗುತ್ತದೆ. ಗಂಡ ನನ್ನ ಎಡಕ್ಕೆ ಕೂತು ಕೇಳದ ಕಿವಿಗೆ ಮಾತಾಡಿ ಮಾತಾಡಿ ಸೋತು, ಈಗ ಹೇಳಬೇಕಾದ್ದನ್ನೆಲ್ಲ ಸಿಗ್ನಲ್ಲಿಗೆ ಉಳಿಸಿಕೊಳ್ಳುತ್ತಾರೆ. ಕೆಂಪು ದೀಪ ಬಂದರೆ ನಾನು ಪೂರ್ತಿ ಅವರ ಕಡೆಗೆ ತಿರುಗಬೇಕು. ಮಗಳು ಜಾಣೆ, ನನ್ನ ಹಿಂದಿನ ಸೀಟಿನಲ್ಲಿ ಕೂತು ನೇರ ಬಲಗಿವಿಗೆ ತಮಿಳಿನಲ್ಲಿ ಮಾತಾಡುತ್ತಾಳೆ. ನಾನು ಕನ್ನಡದಲ್ಲಿ ಉತ್ತರಿಸುತ್ತೇನೆ. ಹದಿನೆಂಟು ತುಂಬಿದವಳ ಭಾಷೆ ಬದಲಿಸುವ ಆಸೆ ಇನ್ನು ನನಗಿಲ್ಲ.

ಒಂದು ಸಂಜೆ ಗಿಂಡಿ ದಾಟಿದ ಮೇಲೆ ಹಿಂದಿನ ಎಡಚಕ್ರ ಗುಂಡಿಗೆ ಬಿತ್ತು. ಮಳೆ ಸುರಿಯುತ್ತಿತ್ತು ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಮಳೆ ಇರಲಿಲ್ಲ ಎಂದು ಹೇಳಲಾರೆ, ಇತ್ತು ಎನ್ನಲೂ ಆಧಾರವಿಲ್ಲ. ಮಳೆಯಿದ್ದರೆ ನನ್ನ ಕಿವಿಗೊಂದು ನೆಪ ಸಿಗುತ್ತದೆ, ಬಹುಶಃ ಅದಕ್ಕಾಗಿಯೇ ನೆನಪು ಮಳೆ ತರಿಸಿಕೊಂಡಿದೆ. ಖಚಿತವಾಗಿ ಗೊತ್ತಿರುವುದು ಇಷ್ಟು: ಬೈಕಿನವನೊಬ್ಬ ಎಡಗಡೆಯಲ್ಲಿ ಸಮಕ್ಕೆ ಬರುತ್ತ ಗಾಜು ಬಡಿದು ಕೂಗುತ್ತಿದ್ದ, ಆಮೇಲೆ ಅವನೇ ಹೇಳಿದ. ನನಗೆ ಅವನೂ ಕೇಳಲಿಲ್ಲ, ರಸ್ತೆಗೆ ಬಡಿಯುತ್ತಿದ್ದ ಟೈರೂ ಕೇಳಲಿಲ್ಲ. ನನ್ನನ್ನು ನಿಲ್ಲಿಸಿದ್ದು ಸ್ಟೇರಿಂಗಿನ ಹಿಂದೆ ಹತ್ತಿದ ಒಂದು ಹಳದಿ ದೀಪ. ಪ್ರತಿ ಚಕ್ರದೊಳಗೂ ಒಂದು ಸಣ್ಣ ಸೆನ್ಸರ್ ಕೂತಿರುತ್ತದೆ. ಗಾಳಿ ಇಳಿದರೆ ಅದು ಕಾರಿಗೆ ಹೇಳುತ್ತದೆ, ಕಾರು ದೀಪ ಹಚ್ಚುತ್ತದೆ, ಯಾವ ಚಕ್ರದಲ್ಲಿ ಎಷ್ಟು ಗಾಳಿ ಎಂದು ಪರದೆಯಲ್ಲಿ ಅಂಕಿ ತೋರಿಸುತ್ತದೆ. ಇಳಿದು ನೋಡಿದೆ. ರಿಮ್ ಸೊಟ್ಟಗಾಗಿತ್ತು.

ಮನೆಯಲ್ಲಿ ಪಂಚಾಯಿತಿ ಸೇರಿತು.

"ಮೆಟ್ರೋ ಇದೆಯಲ್ಲೇ, ಯಾಕೆ ಬೇಕು ಈ ಪಾಡು?" ಎಂದರು ಗಂಡ.

"ಮೆಟ್ರೋದಲ್ಲಿ ಎಡಗಡೆ ಯಾರು ಕೂರ್ತಾರೆ ಅಂತ ನನಗೆ ಗೊತ್ತಿರುತ್ತಾ?" ಎಂದೆ.

"ಅವನು ಅಷ್ಟು ಕೂಗಿದಾನೆ, ನಿಂಗೆ ಕೇಳ್ಲಿಲ್ಲ. ನಾಳೆ ಲಾರಿ ಕೂಗಿದ್ರೆ?"

"ಲಾರಿ ಕನ್ನಡಿಯಲ್ಲಿ ಕಾಣುತ್ತೆ ಕಣ್ರೀ. ಟೈರು ಕಾಣಲ್ಲ. ಟೈರಿಗೆ ದೀಪ ಇದೆ, ಅದು ಹತ್ತಿತು, ನಾನು ನಿಲ್ಲಿಸ್ದೆ."

ವಾದ ಸುತ್ತಿ ಸುತ್ತಿ ಒಂದು ಒಪ್ಪಂದಕ್ಕೆ ಬಂತು. ಆ ದೀಪ ನನ್ನನ್ನು ಕಾಯುವ ತನಕ ನಾನು ಓಡಿಸಬಹುದು. ದೀಪ ಕೆಟ್ಟರೆ ಕೀಲಿಕೈ ಅವರಿಗೆ.

ನಮ್ಮ ಕಾರಿನ ರಿಮ್ ಕಂಪನಿಯಲ್ಲಿ ಸಿಗಲು ತಡವಾಗುತ್ತದೆ ಎಂದರು. ಮಗಳು ಅಷ್ಟರಲ್ಲಿ ಫೋನಿನಲ್ಲಿ ಕಪ್ಪು ಅಲಾಯ್ ಚಕ್ರಗಳನ್ನು ಆರಿಸಿಯಾಗಿತ್ತು. ನಾಲ್ಕನ್ನೂ ಬದಲಿಸಿಬಿಡೋಣ ಎಂದು ಗಂಡನೂ ಸೇರಿಕೊಂಡರು. ಮನೆಯ ಹತ್ತಿರದ ಟೈರ್ ಅಂಗಡಿಯಲ್ಲಿ ಕೆಲಸವಾಯಿತು. ಕಾರು ಮದುವಣಗಿತ್ತಿಯ ಹಾಗೆ ಹೊರಬಂತು, ಆದರೆ ಹಳದಿ ದೀಪ ಹತ್ತಿಕೊಂಡೇ ಇತ್ತು. ಹಳೆಯ ಚಕ್ರದೊಳಗಿನ ಸೆನ್ಸರ್‌ಗಳನ್ನು ಬಿಚ್ಚಿ ಹೊಸದಕ್ಕೆ ಹಾಕಿರಲಿಲ್ಲ. ಸದಾ ಹತ್ತಿರುವ ದೀಪ ಯಾವ ಎಚ್ಚರಿಕೆಯನ್ನು ಕೊಡುತ್ತದೆ? ಗಂಡ ಕೀಲಿಕೈಯನ್ನು ಕೇಳಲಿಲ್ಲ, ಅದನ್ನು ನೋಡಿದರು ಅಷ್ಟೆ.

ಅಂಗಡಿಯ ಮಾಲೀಕರ ತಾತ ಕೋಲಾರದ ಕಡೆಯವರಂತೆ. ಇವರು ಹುಟ್ಟಿದ್ದು ಬೆಳೆದದ್ದು ಇಲ್ಲೇ. ನಮ್ಮ ಕನ್ನಡ ಕೇಳಿದರೆ ಅವರಿಗೆ ಹಬ್ಬ, ಕಾಫಿ ತರಿಸದೆ ಬಿಡುವುದಿಲ್ಲ. ನಾನು ಎರಡು ಸಲ ಹೋದೆ. ಎರಡು ಸಲವೂ ಒಂದೇ ಮಾತು ಹೇಳಿದೆ.

"ಆ ದೀಪ ಆರಬೇಕು."

"ಕವಲೆಯೇ ಪಡ್ಬೇಡಿ ಮೇಡಂ, ಚಿಂತೆ ಬೇಡ, ಆರಿಸ್ಬಿಡೋಣ. ಕಾಫಿಗೆ ಸಕ್ಕರೆ ಕಮ್ಮೀನಾ?"

ಮೂರನೆಯ ಸಲ ಕಾರನ್ನು ಗಂಡ ಒಯ್ದರು. ಮಧ್ಯಾಹ್ನ ಬಂದಾಗ ದೀಪ ಆರಿತ್ತು, ಪರದೆಯ ಮೇಲೆ ನಾಲ್ಕು ಚಕ್ರಗಳ ಅಂಕಿಗಳು ಮರಳಿದ್ದವು. ಗಂಡ ಖುಷಿಯಲ್ಲಿ ಕರ್ಪೂರ ಹಚ್ಚಿ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು ಕಾರು ಮುಂದೆ ತೆಗೆಯಲು ಹೇಳಿದರು. ಅವರ ನೆನಪಿನಲ್ಲಿ ನಾಲ್ಕೂ ನಿಂಬೆಹಣ್ಣು ಜಜ್ಜಿಹೋದವು. ನನ್ನ ನೆನಪಿನಲ್ಲಿ ಒಂದು ಚಕ್ರದಡಿಯಿಂದ ಜಾರಿ ಗೇಟಿನವರೆಗೆ ಉರುಳಿತು. ಇಬ್ಬರಲ್ಲಿ ಯಾರದು ಸರಿ ಎಂದು ಕೇಳಬಹುದಾದ ನಿಂಬೆಹಣ್ಣು ಈಗ ಉಳಿದಿಲ್ಲ.

ಮತ್ತೆ ಓಡಿಸತೊಡಗಿದೆ. ಹಲವು ವಾರ ಎಲ್ಲವೂ ಚೆನ್ನಾಗಿತ್ತು. ಚೆನ್ನಾಗಿತ್ತು ಎಂಬುದೇ ನನ್ನನ್ನು ಕೆಣಕಲು ಶುರುಮಾಡಿತು.

ಹಳೆಯ ಚಕ್ರಗಳಿದ್ದಾಗ ಅಂಕಿಗಳು ಎಂದೂ ಒಂದೇ ಇರುತ್ತಿರಲಿಲ್ಲ. ಕಚೇರಿಯ ಮುಂದೆ ಬಿಸಿಲು ಬೀಳುವ ಬದಿಯ ಎರಡು ಚಕ್ರ ಸ್ವಲ್ಪ ಹೆಚ್ಚು ತೋರಿಸುತ್ತಿದ್ದವು, ನೆರಳಿನವು ಕಡಿಮೆ. ಮುಂದಿನ ಬಲಚಕ್ರ ಹಟಮಾರಿ, ಎಷ್ಟೇ ತುಂಬಿಸಿದರೂ ವಾರದಲ್ಲಿ ಒಂದಂಕಿ ಇಳಿಯುತ್ತಿತ್ತು. ಈಗ ನಾಲ್ಕೂ ಮೂವತ್ತಮೂರು. ಮಧ್ಯಾಹ್ನದ ಕಾವಿಗೆ ಏರಿದರೆ ನಾಲ್ಕೂ ಮೂವತ್ತೈದು. ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಒಂದು ಮನೆಯ ನಾಲ್ವರು ಒಂದು ಜಗಳವನ್ನು ಒಂದೇ ಮಾತುಗಳಲ್ಲಿ ಹೇಳಿದರೆ ಯಾರಾದರೂ ನಂಬುತ್ತಾರೆಯೇ? ಯಾರೋ ಕೂರಿಸಿಕೊಂಡು ಹೇಳಿಕೊಟ್ಟಿದ್ದಾರೆ ಎಂದೇ ಅರ್ಥ. ನನ್ನ ನೆನಪುಗಳ ವಿಷಯದಲ್ಲೂ ನಾನು ಇದೇ ಪರೀಕ್ಷೆ ಮಾಡುತ್ತೇನೆ. ತೀರ ಅಚ್ಚುಕಟ್ಟಾಗಿ ಬಂದದ್ದನ್ನು ಪಕ್ಕಕ್ಕಿಡುತ್ತೇನೆ. ಕಾರನ್ನು ಮಾತ್ರ ಯಾಕೆ ಬಿಡಬೇಕು?

ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಹಿಂದಿನ ಎಡಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತೆ. ವಾಲ್ವಿನ ಮುಚ್ಚಳ ತೆಗೆದು ಕೀಲಿಕೈಯ ತುದಿಯಿಂದ ಒಳಗಿನ ಕಡ್ಡಿಯನ್ನು ಒತ್ತಿದೆ. ಗಾಳಿ ಅಂಗೈಗೆ ತಣ್ಣಗೆ ತಗುಲುತ್ತಿತ್ತು. ಟೈರು ಕೆಳಗೆ ಅಗಲವಾಗುವ ತನಕ ಕೈ ತೆಗೆಯಲಿಲ್ಲ.

ಮಗಳು ಬಾಲ್ಕನಿಯಿಂದ ನೋಡಿ ಇಳಿದು ಬಂದಳು. "ಅಮ್ಮಾ, ಎನ್ನಮಾ ಪಣ್ರೆ?"

"ಗಾಳಿ ಬಿಡ್ತಾ ಇದೀನಿ. ಹತ್ತು, ಒಂದು ಸುತ್ತು ಹೋಗಿ ಬರೋಣ."

"ಟೈರ್ ಫ್ಲಾಟ್ ಇರುಕ್ಕುಮಾ."

"ಅದನ್ನೇ ಕಾರು ಹೇಳುತ್ತಾ ಇಲ್ವಾ ನೋಡಬೇಕು."

ಕಾಂಪೌಂಡಿನೊಳಗೆ ಆಮೆಯ ವೇಗದಲ್ಲಿ ಒಂದು ಸುತ್ತು, ಇನ್ನೊಂದು ಸುತ್ತು. ಹಾಲಿನ ಪೊಟ್ಟಣ ಹಿಡಿದು ನಿಂತ ಮೂರನೇ ಮಹಡಿಯ ಅಜ್ಜಿ ನಮ್ಮನ್ನು ತಿರುಗಿ ತಿರುಗಿ ನೋಡಿದರು. ಪರದೆಯಲ್ಲಿ ಮೂವತ್ತಮೂರು, ಮೂವತ್ತಮೂರು, ಮೂವತ್ತಮೂರು, ಮೂವತ್ತಮೂರು. ಅಷ್ಟು ವಾರ ನಾನು ಕುರುಡು ದೀಪವನ್ನು ನಂಬಿ ಓಡಿಸಿದ್ದೆ.

ಮಗಳ ಮುಖ ಬದಲಾಯಿತು. ಈ ಅಂಕಿ ಚಕ್ರದಿಂದ ಬರುತ್ತಿಲ್ಲವೆಂದರೆ ಕಾರಿನ ಇನ್ನೆಲ್ಲಿಂದಲೋ ಬರುತ್ತಿರಬೇಕು. ಇಳಿದು ಡಿಕ್ಕಿ ತೆಗೆದಳು, ನಾನೂ ಹೋದೆ. ಎಲ್ಲಿ ಹುಡುಕಬೇಕು ಎಂದು ಇಬ್ಬರಿಗೂ ಗೊತ್ತಿರಲಿಲ್ಲ, ಅದಕ್ಕೇ ಎಲ್ಲವನ್ನೂ ಎತ್ತಿದೆವು. ಕೊಡೆ, ಬಟ್ಟೆಯ ಚೀಲಗಳು, ಬೆಸೆಂಟ್ ನಗರದ ಬೀಚಿನ ಮರಳು, ಕೆಳಗಿನ ಕಾರ್ಪೆಟ್, ಕೊನೆಗೆ ಸ್ಟೆಪ್ನಿ. ಸ್ಟೆಪ್ನಿಯ ಕೆಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಪೈಪು ಇತ್ತು. ಮನೆಗಳಲ್ಲಿ ನೀರಿನ ಕೊಳಾಯಿಗೆ ಹಾಕುವ ದಪ್ಪ ಪಿವಿಸಿ ಪೈಪು, ಮೊಳದುದ್ದ, ಎರಡೂ ತುದಿಗೆ ಮುಚ್ಚಳ ಅಂಟಿಸಿದ್ದರು. ಒಂದು ಮುಚ್ಚಳದ ನಡುವೆ ಟೈರಿನ ವಾಲ್ವ್ ನಿಂತಿತ್ತು. ಅಲ್ಲಾಡಿಸಿದೆ. ಒಳಗೆ ಏನೋ ಉರುಳುವುದು ಕೈಗೆ ಗೊತ್ತಾಯಿತು.

"ನೀನು ಹೋಗಿ ಪರದೆ ನೋಡು," ಎಂದೆ.

ಅವಳು ಮುಂದೆ ಕೂತಳು. ನಾನು ಪೈಪಿನ ವಾಲ್ವನ್ನು ಒತ್ತಿದೆ. ಸ್ವಲ್ಪ ಹೊತ್ತು ಏನೂ ಇಲ್ಲ.

"ನಾಲುಮೇ ಕೊರೆಯುದುಮಾ," ಎಂದು ಕೂಗಿದಳು. ಆಮೇಲೆ, ಅಪರೂಪಕ್ಕೆ, ಕನ್ನಡದಲ್ಲಿ: "ನಾಲ್ಕೂ ಇಳೀತಾ ಇದೆ ಅಮ್ಮ. ಲೈಟ್ ಬಂತು."

ನಾಲ್ಕು ಸೆನ್ಸರ್‌ಗಳನ್ನೂ ಪೈಪಿನೊಳಗೆ ಹಾಕಿ, ಗಾಳಿ ತುಂಬಿ, ಸ್ಟೆಪ್ನಿಯ ಕೆಳಗೆ ಮಲಗಿಸಿದ್ದರು. ಅವು ಒಂದೇ ಗಾಳಿಯ ಸುದ್ದಿಯನ್ನು ನಾಲ್ಕು ಬಾಯಲ್ಲಿ ಹೇಳುತ್ತಿದ್ದವು. ಹೊರಗೆ ರಸ್ತೆಯ ಮೇಲೆ ಉರುಳುತ್ತಿದ್ದ ಚಕ್ರಗಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಸಣ್ಣ ಪಂಪಿನಿಂದ ಟೈರಿಗೆ ಗಾಳಿ ತುಂಬಿಸಿ, ಗಂಡನನ್ನು ಕರೆದು ಪಕ್ಕದಲ್ಲಿ ಕೂರಿಸಿ, ಪೈಪನ್ನು ಅವರ ತೊಡೆಯ ಮೇಲೆ ಇಟ್ಟು, ಅಂಗಡಿಗೆ ಹೊರಟೆ. ಸಿಗ್ನಲ್ಲಿನಲ್ಲಿ ಅವರು ಏನೋ ಹೇಳಲು ನೋಡಿದರು. ನಾನು ತಿರುಗಲಿಲ್ಲ.

ಮಾಲೀಕರು ಪೈಪನ್ನು ನೋಡಿ ಒಂದಿಷ್ಟೂ ಕಸಿವಿಸಿಪಡಲಿಲ್ಲ. "ಯಾಕ್ ಮೇಡಂ ತೆಗೆದ್ರಿ? ಲೈಟ್ ಆರಬೇಕು ಅಂತ ನೀವೇ ಕೇಳಿದ್ರಿ. ಆರಿಸ್ಕೊಟ್ಟೆ. ಅವ್ಳೋದಾನ್, ಅಷ್ಟೇ."

"ಗಾಳಿ ಇಳಿದರೆ ಹತ್ತಬೇಕಲ್ಲ?"

"ಅದು ನೀವು ಹೇಳ್ಲಿಲ್ಲ. ಅಲಾಯ್ ಹಾಕೋರು ಎಲ್ಲಾರೂ ಕೇಳೋದು ಲೈಟ್ ಆರಿಸಿ ಅಂತಾನೇ. ಇದೇ ಮಾಡಿಕೊಡ್ತೀನಿ. ಒಬ್ರೂ ತಿರುಗಿ ಬಂದಿಲ್ಲ. ಸಾರ್‌ಗೂ ಹೇಳಿದ್ನೇ, ಸೆನ್ಸರ್ ಹಿಂದೆ ಇಟ್ಟಿದೀವಿ ಅಂತ."

ನಾನು ಗಂಡನ ಕಡೆಗೆ ತಿರುಗಿದೆ, ಪೂರ್ತಿಯಾಗಿ.

"ಹಿಂದೆ ಅಂದ್ರೆ ಹಿಂದಿನ ಚಕ್ರದಲ್ಲಿ ಅಂದ್ಕೊಂಡೆ ಕಣೆ," ಎಂದರು. ಮನೆಗೆ ಬಂದ ಮೇಲೆ, ಹಾಗೆ ಹೇಳಿದ್ದನ್ನು ತಾವು ಕೇಳಿಸಿಕೊಂಡೇ ಇರಲಿಲ್ಲ ಎಂದರು. ಮಾಲೀಕರು ಮರುವಾರ ಇನ್ನೊಂದು ರೀತಿ ಹೇಳಿದರು. ಯಾರ ಮಾತು ನಿಜವೆಂದು ತೀರ್ಮಾನಿಸಲು ನಾನು ಇದನ್ನು ಬರೆಯುತ್ತಿಲ್ಲ. ಇಬ್ಬರೂ ಒಂದೊಂದು ಸಲ ಒಂದೊಂದು ರೀತಿ ಹೇಳಿದ್ದು ನನಗೆ ಒಂದು ಬಗೆಯ ಸಮಾಧಾನವನ್ನೇ ಕೊಟ್ಟಿತು.

ಆ ಹೊತ್ತಿನಲ್ಲಿ ಸಮಾಧಾನ ಇರಲಿಲ್ಲ. "ಇವಳಿಗೆ ಕಿವಿ ಕೇಳಲ್ಲ," ಎಂದು ಗಂಡ ಮಾಲೀಕರಿಗೆ ಮೆಲ್ಲಗೆ ಹೇಳಿದರು, ನನ್ನ ಬಲಗಡೆ ನಿಂತುಕೊಂಡು. "ದೀಪ ಇಲ್ಲದಿದ್ರೆ ಓಡಿಸೋ ಹಾಗಿಲ್ಲ."

"ಅಯ್ಯೋ, ಮೊದಲೇ ಹೇಳ್ಬಾರ್ದಾ," ಎಂದರು ಮಾಲೀಕರು. ಸ್ಟೂಲಿನಿಂದ ಎದ್ದರು. "ಆದ್ರೆ ಸೆನ್ಸರ್ ಈ ಚಕ್ರದಲ್ಲಿ ಕೂರಲ್ಲ ಮೇಡಂ. ಸುಮ್ನೆ ಪೈಪಿಗೆ ಹಾಕ್ಲಿಲ್ಲ ನಾನು. ನಿಮ್ಮ ಸೆನ್ಸರ್ ಕೂರೋ ವಾಲ್ವಿನ ಕಾಂಡ ಗಟ್ಟಿ ಲೋಹ, ಈ ಅಲಾಯ್‌ನಲ್ಲಿ ವಾಲ್ವ್ ತೂತು ಓರೆ. ಬಿಗಿದ್ರೆ ಸೆನ್ಸರ್ ರಿಮ್ಮಿಗೆ ತಾಕುತ್ತೆ, ಮುರಿಯುತ್ತೆ."

"ಬಾಗೋ ಕಾಂಡದ್ದು ಬರಲ್ವಾ?" ಎಂದೆ.

"ರಬ್ಬರಿನದು ಬರುತ್ತೆ. ತರಿಸ್ಬೇಕು. ಅದರ ನಂಬರು ಬೇರೆ, ಕಾರಿಗೆ ಒಂದೊಂದಾಗಿ ಪರಿಚಯ ಮಾಡಿಸ್ಬೇಕು. ದೊಡ್ಡ ಕೆಲಸ."

"ತರಿಸಿ. ಅಲ್ಲೀತನಕ ನಾನು ಬಸ್ಸಿನಲ್ಲಿ ಹೋಗ್ತೀನಿ. ಆಗದಿದ್ರೆ ಈ ಕಪ್ಪು ಚಕ್ರ ಬಿಚ್ಚಿಕೊಳ್ಳಿ, ಕಂಪನಿ ರಿಮ್ಮಿಗೆ ಕಾಯ್ತೀನಿ."

"ಕಾಫಿ?"

"ಕೆಲಸ ಆದ ಮೇಲೆ."

ಒಂದು ವಾರ ಬಸ್ಸಿನಲ್ಲಿ ಹೋದೆ. ಎಡಗಡೆ ಕೂತವರಲ್ಲಿ ಯಾರೋ ಏನೋ ಕೇಳಿರಬೇಕು, ಉತ್ತರ ಬಾರದೆ ಮುಖ ತಿರುಗಿಸಿಕೊಂಡಿರಬೇಕು. ಗೊತ್ತಿಲ್ಲ. ಇದೇ ನನ್ನ ಎಡಗಡೆಯ ನೆನಪುಗಳ ಸ್ಥಿತಿ.

ಸೆನ್ಸರ್ ಬಂದ ದಿನ ಕೆಲಸ ಮುಗಿಯುವ ತನಕ ಅಲ್ಲೇ ನಿಂತಿದ್ದೆ. ಚಕ್ರ ಬಿಚ್ಚಿದರು, ಯಂತ್ರದಲ್ಲಿ ಒತ್ತಿ ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಿದರು. ರಬ್ಬರ್ ಕಾಂಡಕ್ಕೆ ಸೋಪಿನ ನೀರು ಸವರಿ ತೂತಿನಿಂದ ಎಳೆದಾಗ ಅದು ಓರೆಯನ್ನು ಒಪ್ಪಿಕೊಂಡು ಬಾಗಿ ಕೂತಿತು. ಅದರ ತಲೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಸೆನ್ಸರ್. ಕೈ ಹಾಕಿ ನೋಡುತ್ತೇನೆ ಎಂದೆ. ರಿಮ್ಮಿಗೂ ಅದಕ್ಕೂ ನಡುವೆ ಉಗುರು ತೂರುವಷ್ಟು ಜಾಗವಿತ್ತು. "ನಾಲ್ಕರಲ್ಲೂ ನೋಡ್ತೀರಾ?" ಎಂದು ಕೇಳಿದರು ಮಾಲೀಕರು. ನಾಲ್ಕರಲ್ಲೂ ನೋಡಿದೆ. ತೂಕ ಸರಿದೂಗಿಸಿ ಚಕ್ರಗಳನ್ನು ಕಾರಿಗೆ ಹಾಕಿದ ಮೇಲೆ ಮೊಬೈಲಿನಂಥ ಒಂದು ಉಪಕರಣವನ್ನು ಪ್ರತಿ ವಾಲ್ವಿನ ಹತ್ತಿರ ಹಿಡಿದರು. ಅದು ಕೀಚ್ ಎಂದಾಗ ಆ ಸೆನ್ಸರಿನ ಗುರುತು ಕಾರಿಗೆ ಹೋಯಿತು.

ದೀಪ ಆರಿತು. ಮಾಲೀಕರು ಕಾಫಿಗೆ ಕೈ ಸನ್ನೆ ಮಾಡಿದರು. ಗಂಡ ಜೇಬಿನಿಂದ ನಿಂಬೆಹಣ್ಣುಗಳನ್ನು ತೆಗೆದರು, ಮನೆಯಿಂದಲೇ ತಂದಿದ್ದರು.

"ಇನ್ನೂ ಇಲ್ಲ," ಎಂದೆ. ಹಿಂದಿನ ಎಡಚಕ್ರದ ಮುಂದೆ ಮತ್ತೆ ಕುಕ್ಕರಗಾಲಲ್ಲಿ ಕೂತು ಮುಚ್ಚಳ ತೆಗೆದೆ.

"ಮೇಡಂ, ಈಗ ತಾನೇ ತುಂಬಿಸಿದ್ದು," ಎಂದರು ಮಾಲೀಕರು.

ಗಾಳಿ ಬಿಟ್ಟು ಕಾರಿನೊಳಗೆ ಕೂತೆ. ಗಂಡ ಎಡಕ್ಕೆ ಕೂತರು. ಅಂಗಡಿಯ ಹಿಂದಿನ ಗಲ್ಲಿಯಲ್ಲಿ ನಿಧಾನವಾಗಿ ಹೊರಟೆ. ತಿರುವಿಗೆ ಬರುವಷ್ಟರಲ್ಲಿ ದೀಪ ಹತ್ತಿತು. ಹಿಂದಿನ ಎಡ ಚಕ್ರ ಹತ್ತೊಂಬತ್ತು. ಉಳಿದವು ಮೂವತ್ತಮೂರು, ಮೂವತ್ತನಾಲ್ಕು, ಮೂವತ್ತೆರಡು. ಗಂಡ ಪರದೆಗೆ ಬೆರಳು ಚಾಚಿ ಏನೋ ಹೇಳಿದರು, ನನ್ನ ಎಡಗಿವಿಗೆ. ಏನೆಂದು ನಾನು ಕೇಳಲಿಲ್ಲ. ಇಲ್ಲಿ ಒಂದು ಮಾತು ಕಟ್ಟಿ ಅವರ ಬಾಯಲ್ಲಿ ಇಡುವುದು ಸುಲಭ, ಇಡುವುದಿಲ್ಲ.

ಹಿಂದಕ್ಕೆ ತಿರುಗಿಸಿ ಅಂಗಡಿಗೆ ಬಂದು ಗಾಳಿ ತುಂಬಿಸಿಕೊಂಡೆ. ಕಾಫಿ ಕುಡಿದೆ. ಗಂಡನನ್ನು ಮನೆಯ ಗೇಟಿನಲ್ಲಿ ಇಳಿಸಿದೆ. ಅವರು ಕೀಲಿಕೈಗೆ ಕೈ ಚಾಚಲಿಲ್ಲ. ಒಬ್ಬಳೇ ಬೆಸೆಂಟ್ ನಗರದ ಕಡೆಗೆ ಹೊರಟೆ.