ತಳಕಲ್ ಇಳಿಜಾರಿನ ಏಳು ಕಪ್ಪು ಮಚ್ಚೆ

೧೯೪೬ರಲ್ಲಿ ನಾನು ಕೊಪ್ಪಳದ ಸರ್ವೆ ಕಚೇರಿಯಲ್ಲಿ ಹಂಗಾಮಿ ಡ್ರಾಫ್ಟ್ಸ್‌ಮನ್, ನಕ್ಷೆ ಬರೆಯುವವ. ಯಲಬುರ್ಗಾ ಕಡೆಯ ಕೆರೆಗಳಲ್ಲಿ ಹೂಳು ತುಂಬುತ್ತಿತ್ತು. ಮಣ್ಣು ಯಾವ ಗುಡ್ಡದಿಂದ ಇಳಿಯುತ್ತಿದೆ ಎಂದು ತಿಳಿಯಲು ವಿಮಾನದಿಂದ ಫೋಟೋ ತೆಗೆಸಿದ್ದರು. ವಿಮಾನ ಒಮ್ಮೆ ನೇರವಾಗಿ ಹಾರುವಾಗ ಸಿಗುವ ಫೋಟೋಗಳ ಸಾಲಿಗೆ ಸ್ಟ್ರಿಪ್ ಎನ್ನುತ್ತಾರೆ. ನನ್ನ ಪಾಲಿಗೆ ಎರಡು ಸ್ಟ್ರಿಪ್, ಇಪ್ಪತ್ತೆರಡು ಫೋಟೋ. ಬೋಳು ನೆಲ ಬೆಳ್ಳಗೆ, ಗಿಡಗಂಟಿ ಕಪ್ಪಗೆ ಕಾಣುತ್ತವೆ. ಕಪ್ಪಿದ್ದ ಜಾಗಕ್ಕೆ ನಕ್ಷೆಯಲ್ಲಿ ಹಸಿರು ಶಾಯಿ ಹಚ್ಚುವುದು ನನ್ನ ಕೆಲಸ.

ತಳಕಲ್ ಹತ್ತಿರದ ಇಳಿಜಾರಿನಲ್ಲಿ ಏಳು ಕಪ್ಪು ಮಚ್ಚೆ ಕಂಡವು. ಹಸಿರು ಹಚ್ಚಿದೆ. ಗಿಡ ಉಳಿದಿದೆ, ಮೇಯಿಸುವುದು ನಿಂತರೆ ಬೇಗ ಹಬ್ಬುತ್ತದೆ ಎಂದು ಇಂಜಿನಿಯರ್ ಸಾಹೇಬರು ಇಡೀ ಇಳಿಜಾರಿಗೆ ಕುರಿ ನಿಷೇಧಿಸುವ ಗೆರೆ ಎಳೆದರು. ಗಡಿಕಲ್ಲಿನ ಜಾಗ ಗುರುತಿಸಲು ನನ್ನನ್ನೇ ಕಳಿಸಿದರು.

ಹೋಗಿ ನೋಡಿದರೆ ಒಂದು ಪೊದೆಯೂ ಇಲ್ಲ. ಯಾರೋ ಕಡಿದಿದ್ದಾರೆ ಎಂದುಕೊಂಡು, ಅಲ್ಲಿ ಕುರಿ ಮೇಯಿಸುತ್ತಿದ್ದ ಯಲ್ಲವ್ವ ಎಂಬ ಹಿರಿಯ ಹೆಂಗಸನ್ನು ವಿಚಾರಿಸಿದೆ.

"ಇದ್ದರ ಕಡ್ಯಾಕ ಬರತೈತಿ. ಎಲ್ಲೈತಿ ಗಿಡ, ತೋರಸ್ರಿ."

ಫೋಟೋ ಕೊಟ್ಟು ಹಳ್ಳದ ತಿರುವು, ಬಂಡೆ ತೋರಿಸಿದೆ. ಗುರುತು ಹತ್ತಿದ ಮೇಲೆ ಆಕೆ ಮಚ್ಚೆಗಳನ್ನು ಬೆರಳಿಟ್ಟು ಎಣಿಸಿ ನಗತೊಡಗಿದಳು.

"ಅಯ್ಯ ನನ ತಮ್ಮಾ, ಗಿಡ ಅಲ್ಲ ಇವು, ನಮ್ಮ ಏಳು ಮನಿ ಕರಿಕುರಿ ಹಿಂಡು! ಆವತ್ತ ಇಮಾನ ಗುಂಯ್ ಅಂತ ಬಂತು ನೋಡ್ರಿ, ಬೆದರಿ ಒಂದರ ಹೊಟ್ಟ್ಯಾಗ ಒಂದು ತಲಿ ಇಟ್ಟು ನಿಂತುಬಿಟ್ಟವು."

ನಿಷೇಧದ ವಿಷಯ ಹೇಳಿದೆ. ನಗು ನಿಂತಿತು.

"ನಮ್ಮ ಕುರಿ ತೋರಿಸಿ ನಮ್ಮನ್ನ ಓಡಸ್ತೀರೇನ್ರಿ? ಹಿಂಡು ಹೊಡ್ಕೊಂಡು ಎಲ್ಲಿಗೆ ಹೋಗೂಣು?"

ಅಕ್ಕಪಕ್ಕದ ಸ್ಟ್ರಿಪ್‌ಗಳ ಅಂಚಿನಲ್ಲಿ ಒಂದೇ ನೆಲ ಎರಡು ಸಲ ಬರುತ್ತದೆ. ವಿಮಾನ ಮರಳಿ ಬಂದಾಗ ತೆಗೆದ ಫೋಟೋ ಚೀಲದಲ್ಲೇ ಇತ್ತು. ಅದರಲ್ಲೂ ಮಚ್ಚೆ ಏಳೇ; ಆದರೆ ಏಳೂ ಹಳ್ಳದ ಕಡೆಗೆ ಇಳಿದಿದ್ದವು. ಎರಡನ್ನೂ ಹೋಲಿಸದೆ ನಾನು ಶಾಯಿ ಹಚ್ಚಿದ್ದೆ.

ಯಲ್ಲವ್ವ ನನ್ನನ್ನು ಹಳ್ಳ ಹುಟ್ಟುವ ಜಾಗಕ್ಕೆ ಕರೆದೊಯ್ದಳು. ದಂಡೆ ಆಳೆತ್ತರ ಕುಸಿದಿತ್ತು. ಫೋಟೋದಲ್ಲಿ ಅದನ್ನು ನಾನು ಬಂಡೆಯೆಂದು ಬಿಟ್ಟಿದ್ದೆ.

"ಮಣ್ಣು ಹೋಗೂದು ಇಲ್ಲಿಂದ. ಇದಕ್ಕ ಬೇಲಿ ಹಾಕ್ರಿ, ನಾವು ಬ್ಯಾಡ ಅನ್ನಂಗಿಲ್ಲ."

ಮರುದಿನ ಎರಡೂ ಫೋಟೋ ಸಾಹೇಬರ ಮುಂದಿಟ್ಟು ತಪ್ಪು ಒಪ್ಪಿಕೊಂಡೆ. ಕೆಲಸ ಹೋಯಿತೆಂದೇ ನಿಂತಿದ್ದೆ. ಅವರು ಬಹಳ ಹೊತ್ತು ಲೆನ್ಸ್ ಹಿಡಿದು ನೋಡಿದರು.

"ಗಿಡ ನಡೆದದ್ದನ್ನು ಇದೇ ಮೊದಲು ನೋಡಿದ್ದು," ಎಂದು ನನ್ನ ಕೈಗೆ ಬ್ಲೇಡು ಕೊಟ್ಟರು. ಹಸಿರನ್ನೆಲ್ಲ ನಾನೇ ಕೆರೆದು ತೆಗೆದೆ. ನಿಷೇಧದ ಗೆರೆ ಆ ಕುಸಿದ ದಂಡೆಯ ಸುತ್ತಲಷ್ಟೇ ಉಳಿಯಿತು.

ಈಗ ಶಾಯಿ ಮುಟ್ಟುವ ಮೊದಲು ಪ್ರತಿ ಫೋಟೋವನ್ನು ಆ ನೆಲದವರೊಬ್ಬರಿಗೆ ತೋರಿಸುತ್ತೇನೆ. ಹಿಂಬದಿಯಲ್ಲಿ ಅವರ ಹೆಸರು, ತಾರೀಖು ಬರೆಯುತ್ತೇನೆ. ಇವತ್ತಿಗೆ ಮೂವತ್ತೊಂದು ಹೆಸರಾದವು. ಮೊದಲನೆಯದು ಯಲ್ಲವ್ವ.