ಕಣ್ಣಿಲ್ಲದ ಶರಣೆ

ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಚಿತ್ರ ಎರಡು ವರ್ಷ ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು. ದಪ್ಪ ಹಾಳೆಯ ಮೇಲೆ ಬಣ್ಣದಲ್ಲಿ ಬರೆದ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕುಳಿತ ಒಬ್ಬ ಶರಣೆಯ ಚಿತ್ರ. ಹಣೆಯ ವಿಭೂತಿ, ಕೊರಳ ರುದ್ರಾಕ್ಷಿ, ಸೀರೆಯ ನಿರಿಗೆ ಎಲ್ಲ ಮುಗಿದಿದ್ದವು. ಕಣ್ಣು ಮಾತ್ರ ಇರಲಿಲ್ಲ.

ಬರೆದವನು ನನ್ನ ಅಪ್ಪ. ದೇವರಿರಲಿ, ಶರಣರಿರಲಿ, ಅವನು ಕಣ್ಣು ಬರೆಯುತ್ತಿದ್ದುದು ಕಟ್ಟಕಡೆಗೆ. ಆ ದಿನ ಜಳಕ, ಪೂಜೆ ಮುಗಿಸಿ ಕೂತನೆಂದರೆ ಕಣ್ಣು ಮೂಡುವವರೆಗೆ ಬಾಯಿಗೆ ಒಂದು ಗುಟುಕು ಚಹಾ ಕೂಡ ಹಾಕುತ್ತಿರಲಿಲ್ಲ. ಈ ಚಿತ್ರಕ್ಕೂ ಹಾಗೆಯೇ ಕೂತ. ಆದರೆ ಕುಂಚ ಹಿಡಿದ ಕೈ ನಡುಗಿತು. ಮರುದಿನವೂ ನಡುಗಿತು. ಮೂರನೆಯ ದಿನ ಕುಂಚಗಳನ್ನೆಲ್ಲ ತೊಳೆದು, ಅರಿವೆಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟ.

ಚಿತ್ರ ಬರೆಯಲು ಹೇಳಿದ್ದವರು ಕಟಕೋಳದ ಒಬ್ಬ ಅಜ್ಜಿ. ಊರಿಗೆ ಬಂದಾಗಲೆಲ್ಲ ಮನೆಗೆ ಬಂದು, ಚಿತ್ರ ತಿರುಗಿಸಿ ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ಒಮ್ಮೆಯೂ ಅವಸರ ಮಾಡಲಿಲ್ಲ. ಬೇರೆ ಯಾರಿಂದಲಾದರೂ ಕಣ್ಣು ಬರೆಸೋಣ ಎಂದರೆ ಅಪ್ಪ ಒಪ್ಪಲಿಲ್ಲ, ಅಜ್ಜಿಯೂ ಒಪ್ಪಲಿಲ್ಲ.

ಆಗ ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳು. ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಕಂಪ್ಯೂಟರ್ ಅಂಗಡಿ. ಲಗ್ನಪತ್ರಿಕೆಯ ಜೊತೆಗೆ ದೇವರ ಚಿತ್ರಗಳನ್ನೂ ಮಾಡುತ್ತಿದ್ದೆ. ಸವದತ್ತಿಯ ಎಲ್ಲಮ್ಮನ ತಲೆಯ ಹಿಂದೆ ನಾನು ಹಾಕುತ್ತಿದ್ದ ಪ್ರಭೆಗೆ ಯರಗಟ್ಟಿಯಿಂದಲೂ ಗಿರಾಕಿಗಳು ಬರುತ್ತಿದ್ದರು. ಅಪ್ಪ ಮಾತ್ರ ಮಗಳ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ನಾನು ಮನೆಗೆ ತಂದ ಒಂದು ಪ್ರಿಂಟ್ ನೋಡಿ, ಇದು ಬರೆದದ್ದಲ್ಲ, ಕತ್ತರಿಸಿ ಅಂಟಿಸಿದ್ದು ಅಂದಿದ್ದ. ಆ ಮಾತು ನನಗೆ ನಾಟಿತ್ತು. ಇವನ ಚಿತ್ರವನ್ನೇ ಮುಗಿಸಿ ತೋರಿಸುತ್ತೇನೆ, ಇದೂ ಬರೆಯುವ ಕೆಲಸವೇ ಎಂದು ಅವನ ಬಾಯಿಂದಲೇ ಅನ್ನಿಸುತ್ತೇನೆ ಎಂದು ಹಟ ತೊಟ್ಟೆ.

ಮೂಲಕ್ಕೆ ಬಣ್ಣ ಸೋಕಿಸುವುದಿಲ್ಲ ಎಂದು ಅಪ್ಪನಿಗೂ ಅಜ್ಜಿಗೂ ಮಾತು ಕೊಟ್ಟು ಚಿತ್ರವನ್ನು ಅಂಗಡಿಗೆ ಒಯ್ದೆ. ನನ್ನ ಸ್ಕ್ಯಾನರ್ ಚಿಕ್ಕದು. ಆರು ತುಂಡಾಗಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಜೋಡಿಸಿ, ಮೌಸಿನಿಂದ ಕಣ್ಣು ಬರೆದೆ. ಅಷ್ಟರಲ್ಲಿ ಅಜ್ಜಿಯಿಂದ ಒಂದು ಮಾತು ಬಂತು. ಅವರ ದೇವರ ಮನೆಯಲ್ಲಿ ಗುರುಗಳ ಫೋಟೋ ಇದೆ, ಪಕ್ಕದಲ್ಲಿ ತೂಗುಹಾಕಿದರೆ ಶರಣೆ ಗುರುಗಳಿಗೆ ಬೆನ್ನು ಮಾಡಿ ಕೂತಂತಾಗುತ್ತದೆ, ಏನಾದರೂ ಮಾಡಲು ಬರುತ್ತದೆಯೇ ಎಂದು. ಕಂಪ್ಯೂಟರಿನಲ್ಲಿ ಅದೇನು ಮಹಾ! ಒಂದು ಗುಂಡಿ ಒತ್ತಿದೆ, ಎಡಕ್ಕೆ ನೋಡುತ್ತಿದ್ದವಳು ಬಲಕ್ಕೆ ತಿರುಗಿದಳು. ಪ್ರಿಂಟ್ ತೆಗೆದುಕೊಂಡು ಹಿಗ್ಗಿನಿಂದ ಮನೆಗೆ ಹೋದೆ.

ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ನಡುಗುವ ತನ್ನ ಎಡಗೈಯನ್ನು ನನ್ನ ಮುಂದೆ ಚಾಚಿದ.

"ಯವ್ವಾ, ದಿನಾ ಮುಂಜಾನೆ ಲಿಂಗಾ ಯಾವ ಕೈಯಾಗ ಹಿಡೀತಿ?"

ಪ್ರಿಂಟನ್ನು ಮತ್ತೆ ನೋಡಿದೆ. ತಿರುಗಿಸಿದ ಚಿತ್ರದಲ್ಲಿ ಲಿಂಗ ಬಲಗೈಗೆ ಬಂದಿತ್ತು, ಬಿಲ್ವಪತ್ರೆ ಎಡಗೈಗೆ ಹೋಗಿತ್ತು. ತಿಳಿವಳಿಕೆ ಬಂದಾಗಿನಿಂದ ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದವಳು ನಾನು. ಅಂಥವಳ ಕಣ್ಣಿಗೇ ಇದು ಬೀಳಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅಪ್ಪ ಬೈದಿದ್ದರೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಗುರುಗಳಿಗೆ ಬೆನ್ನಾಗುತ್ತದಲ್ಲ ಎಂದು ನಾನು ಗೊಣಗಿದ್ದಕ್ಕೆ, ಫೋಟೋದ ಇನ್ನೊಂದು ಪಕ್ಕಕ್ಕೆ ಮೊಳೆ ಹೊಡೆದರಾಯಿತು ಅಂದ. ಇಷ್ಟು ಸರಳ ಉಪಾಯ ನನ್ನ ಕಂಪ್ಯೂಟರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮರುದಿನ ಅಂಗಡಿ ತೆರೆದು ಚಿತ್ರವನ್ನು ಮೊದಲಿನಂತೆ ತಿರುಗಿಸುತ್ತಿದ್ದಾಗ ಅಪ್ಪ ಬಂದ. ಹಣೆಗೆ ವಿಭೂತಿ, ಮೈಮೇಲೆ ಮಡಿ ಧೋತರ. ಪೂಜೆ ಮುಗಿಸಿ ಸೀದಾ ಬಂದನೆಂದುಕೊಂಡೆ. ನಾನು ಬರೆದ ಕಣ್ಣು ತೆಗೆದುಹಾಕಲು ಹೇಳಿದ. ಯಾಕೆಂದು ಕೇಳಲಿಲ್ಲ, ಅವು ಅಂಗೈಯ ಲಿಂಗವನ್ನು ನೋಡುತ್ತಿರಲಿಲ್ಲ ಎಂದು ನನಗೂ ಗೊತ್ತಿತ್ತು. ಅಳಿಸಲೆಂದು ಒಂದು ಕಣ್ಣನ್ನು ಪರದೆಯ ತುಂಬ ದೊಡ್ಡದು ಮಾಡಿದೆ. ಅಪ್ಪ ಅದನ್ನೇ ನೋಡುತ್ತ ನಿಂತ. ನಾನು ಅಳಿಸಿ ಮುಗಿಸಿದ ಮೇಲೆ ಸ್ಟೂಲು ಎಳೆದುಕೊಂಡು ಕೂತು ಮೌಸಿಗೆ ಕೈ ಚಾಚಿದ.

ಮೊದಲ ಗೆರೆ ಹಾವಿನಂತೆ ಹೊರಳಿತು. ನಾನು ಗುಂಡಿ ಒತ್ತಿ ಅದನ್ನು ಹಿಂದಕ್ಕೆ ತೆಗೆದೆ. ಎರಡನೆಯದನ್ನೂ ತೆಗೆದೆ.

"ಹಿಂಗ ಎಷ್ಟ ಸಲಾ ತಪ್ಪಿದ್ರ ನಡೀತೈತಿ?"

"ಎಷ್ಟ ಸಲಾ ತಪ್ಪಿದ್ರೂ ನಡೀತೈತಪಾ."

ಅವನ ಮುಖದಲ್ಲಿ ಏನೋ ಸಡಿಲಾಯಿತು. ಗೆರೆ ಎಳೆದ, ನಾನು ತೆಗೆದೆ, ಮತ್ತೆ ಎಳೆದ. ಪರದೆಯಗಲದ ಕಣ್ಣಿನಲ್ಲಿ ಬೆರಳಷ್ಟು ಕಾಣುತ್ತಿದ್ದ ನಡುಕ, ಚಿತ್ರವನ್ನು ಅದರ ಅಳತೆಗೆ ತಂದಾಗ ರೆಪ್ಪೆಯ ಕೂದಲಿನಷ್ಟೂ ಉಳಿಯುತ್ತಿರಲಿಲ್ಲ. ಗಿರಾಕಿಗಳು ಬಂದರು. ನಾಳೆ ಬರ್ರಿ ಎಂದು ಕಳಿಸಿದೆ. ಹೋಟೆಲಿನಿಂದ ಎರಡು ಸಲ ಚಹಾ ತರಿಸಿದೆ. ಎರಡು ಸಲವೂ ಅಪ್ಪನ ಕಪ್ಪು ಹಾಗೆಯೇ ಆರಿತು. ಕೆಲಸದ ಧ್ಯಾನದಲ್ಲಿ ಮರೆತಿರಬೇಕು ಎಂದುಕೊಂಡೆ.

ಹೊತ್ತು ನೆತ್ತಿಗೆ ಬಂದಾಗ ಎರಡೂ ಕಣ್ಣು ಮೂಡಿದವು. ಅರೆಮುಚ್ಚಿದ ರೆಪ್ಪೆಯ ಕೆಳಗಿನಿಂದ ಶರಣೆ ತನ್ನ ಎಡ ಅಂಗೈಯನ್ನು ನೋಡುತ್ತಿದ್ದಳು. ಅಪ್ಪ ಮೌಸನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಪರದೆಗೆ ಕೈಮುಗಿದ. ಆಮೇಲೆ ನನ್ನ ಕಡೆ ತಿರುಗಿದ.

"ಡಬ್ಯಾಗ ರೊಟ್ಟಿ ಅದಾವೇನು? ನಿನ್ನಿ ರಾತ್ರಿ ಉಂಡಾಂವ."

ಡಬ್ಬಿಯಲ್ಲಿದ್ದ ಮೂರೂ ರೊಟ್ಟಿಯನ್ನು ಅವನ ಮುಂದಿಟ್ಟೆ. ಕಣ್ಣು ತುಂಬಿ ಬಂದಿದ್ದು ಅವನಿಗೆ ಕಾಣದಿರಲೆಂದು ಪ್ರಿಂಟರಿಗೆ ಹಾಳೆ ಹಾಕುತ್ತ ನಿಂತೆ.