ಔಟ್‌ಸ್ಪೋಕನ್ ಎಂದು ನಾನು ಬರೆದದ್ದು

೨೦೦೩ರಲ್ಲಿ ನಾನು ಧಾರವಾಡದ ಕಾಲೇಜೊಂದರಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದೆ. ಆ ವರ್ಷ ಹುಬ್ಬಳ್ಳಿಯ ಹೊರವಲಯದ ಒಂದು ಪಂಪ್ ಕಾರ್ಖಾನೆಯನ್ನು ಹೊರರಾಜ್ಯದ ಕಂಪನಿ ಕೊಂಡುಕೊಂಡಿತು. ಸೂಪರ್‌ವೈಸರ್‌ಗಳೆಲ್ಲ ಇಂಗ್ಲಿಷ್ ಮಾತಾಡಬೇಕೆಂಬುದು ಹೊಸ ಆಡಳಿತದ ಅಪೇಕ್ಷೆ. ಮೂರು ತಿಂಗಳು, ವಾರಕ್ಕೆ ಮೂರು ದಿನ, ಮೊದಲ ಪಾಳಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಪಾಠ ಮಾಡಲು ನನ್ನನ್ನು ಕರೆದರು. ಹನ್ನೆರಡು ಜನ ವಿದ್ಯಾರ್ಥಿಗಳು. ಬಹಳಷ್ಟು ಜನ ವಯಸ್ಸಿನಲ್ಲಿ ನನಗಿಂತ ಹಿರಿಯರು.

ಕಂಪನಿ ಕೊಟ್ಟ ಪುಸ್ತಕದಲ್ಲಿ ‘ವರ್ಕ್‌ಪ್ಲೇಸ್ ಕಲ್ಚರ್’ ಎಂಬ ಅಧ್ಯಾಯವಿತ್ತು. ಕೆಲಸದ ಜಾಗದಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂದು ಹೇಳಲು ಬೇಕಾದ ಶಬ್ದಗಳು: ಟೀಮ್ ಸ್ಪಿರಿಟ್, ಟ್ರಾನ್ಸ್‌ಪರೆನ್ಸಿ, ಫೀಡ್‌ಬ್ಯಾಕ್. ಫೀಡ್‌ಬ್ಯಾಕ್ ಎಂದರೆ ಮಾಡಿದ ಕೆಲಸದ ಬಗ್ಗೆ ಕೊಡುವ ಅಭಿಪ್ರಾಯ ಎಂದಾಗ ಈರಣ್ಣ ಎದ್ದು ನಿಂತರು. ಗೋಪನಕೊಪ್ಪದವರು. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಫೌಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಸೂಪರ್‌ವೈಸರ್ ಆದವರು.

“ಮೇಲಿನವರು ನಮಗ ಹೇಳೋದು ಫೀಡ್‌ಬ್ಯಾಕ್. ನಾವು ಅವರಿಗೆ ಹೇಳಿದ್ರ ಏನಂತಾರ್ರಿ ಮೇಡಂ?”

“ಅದಕ್ಕೂ ಫೀಡ್‌ಬ್ಯಾಕ್ ಅಂತನ ಅಂತಾರ್ರಿ.”

“ಎರಡಕ್ಕೂ ಒಂದ ಶಬ್ದ?” ಎಂದು ಖುಷಿಯಿಂದ ಬರೆದುಕೊಂಡರು.

ಫೌಂಡ್ರಿಯ ಹೊಗೆ ಹೊರಹಾಕುವ ಫ್ಯಾನ್ ನಾಲ್ಕು ತಿಂಗಳಿಂದ ಕೆಟ್ಟಿತ್ತು. ಒಳಗಿನವರು ಇಡೀ ದಿನ ಕೆಮ್ಮುತ್ತಿದ್ದರು. ಅದನ್ನು ಮ್ಯಾನೇಜರ್ ಮುಂದೆ ಇಂಗ್ಲಿಷಿನಲ್ಲೇ ಹೇಳಬೇಕೆಂದು ಈರಣ್ಣ ಹಟ ಹಿಡಿದರು. ಎರಡು ವಾಕ್ಯ ಬರೆದುಕೊಟ್ಟೆ. ಒಂದು ವಾರ ಅವರ ಉಚ್ಚಾರ ತಿದ್ದಿದೆ. ತಿಂಗಳ ಸಭೆಯಲ್ಲಿ, ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾಗ, ಒಂದೂ ತಪ್ಪಿಲ್ಲದೆ ಹೇಳಿದರು. ಅವರ ಇಂಗ್ಲಿಷ್ ಕೇಳಲೆಂದೇ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಮ್ಯಾನೇಜರ್ ನಕ್ಕು, “ವೆರಿ ಗುಡ್ ಇಂಗ್ಲಿಷ್” ಎಂದರು. ಫ್ಯಾನಿನ ಮಾತೇ ಎತ್ತಲಿಲ್ಲ.

ತರಗತಿ ಮುಗಿದಾಗ ಪ್ರತಿಯೊಬ್ಬರ ಬಗ್ಗೆ ಒಂದು ಮೌಲ್ಯಮಾಪನ ಪತ್ರ ತುಂಬಿಕೊಡಬೇಕಿತ್ತು. ಕೊನೆಯ ಕಾಲಂ ‘ರಿಮಾರ್ಕ್ಸ್’. ಈರಣ್ಣನವರ ಹೆಸರಿನ ಮುಂದೆ ‘ಔಟ್‌ಸ್ಪೋಕನ್’ ಎಂದು ಬರೆದೆ. ಉಳಿದ ಹನ್ನೊಂದು ಜನಕ್ಕೆ ಅಷ್ಟು ದೊಡ್ಡ ಶಬ್ದ ನಾನು ಕೊಟ್ಟಿರಲಿಲ್ಲ.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಅವರು ಕಾಲೇಜಿಗೆ ಬಂದರು. ಕೈಯಲ್ಲಿ ಕಂಪನಿಯ ಪತ್ರ. ಸೂಪರ್‌ವೈಸರ್ ಹುದ್ದೆಯಿಂದ ತೆಗೆದು ಊರಾಚೆಯ ಗೋದಾಮಿಗೆ ಹಾಕಿದ್ದರು. ತರಬೇತುದಾರರೇ ಗಮನಿಸಿದಂತೆ ಇವರು ‘ಔಟ್‌ಸ್ಪೋಕನ್’, ಸಂಸ್ಥೆಯ ಕಲ್ಚರ್‌ಗೆ ಹೊಂದುವವರಲ್ಲ ಎಂದು ಕಾರಣ ಕೊಟ್ಟಿದ್ದರು.

“ಈ ಶಬ್ದ ನೀವು ಕಲಿಸಿದ್ದಿಲ್ಲರಿ ಮೇಡಂ. ಏನು ಹಂಗಂದ್ರ?”

“ಮನಸಿನ್ಯಾಗ ಇದ್ದದ್ದನ್ನ ಮುಚ್ಚಿಡದ ಹೇಳಾವ್ರು ಅಂತ್ರಿ.”

“ಅಷ್ಟ ಏನ್ರಿ? ಅದು ಛಲೋನ ಅಲ್ಲೇನ್ರಿ?”

“ನಾ ಛಲೋ ಅಂತನ ಬರದಿದ್ದೆ, ಈರಣ್ಣಾರ.”

ಅವರ ನೋಟದಲ್ಲಿ ನನ್ನ ಮೇಲೆ ದೂರು ಇರಲಿಲ್ಲ. ಪತ್ರ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೊರಟುಹೋದರು. ದೂರಿದ್ದರೇ ಚೆನ್ನಾಗಿತ್ತು.

ಮರುದಿನ ಕಾರ್ಖಾನೆಗೆ ಹೋದೆ. ಸಿಬ್ಬಂದಿ ವಿಭಾಗದ ಅಧಿಕಾರಿ ನಾನು ತುಂಬಿದ ಪತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟರು. “ಶಬ್ದ ನಿಮ್ದು ಮೇಡಂ. ನಾವು ಒಂದಕ್ಷರ ಬದಲು ಮಾಡಿಲ್ಲ” ಎಂದರು. ಅದು ಹೊಗಳಿಕೆ ಎಂದು ಅಲ್ಲೇ ಕೂತು ಬರೆದುಕೊಟ್ಟೆ. ಉತ್ತರ ಬರಲಿಲ್ಲ. ಆರು ತಿಂಗಳಿಗೆ ಈರಣ್ಣ ರಾಜೀನಾಮೆ ಕೊಟ್ಟರೆಂದು ಅವರ ಜೊತೆಗಾರರಿಂದ ತಿಳಿಯಿತು.

ಮುಂದೊಮ್ಮೆ ಹಳೇ ಹುಬ್ಬಳ್ಳಿಯ ಗಲ್ಲಿಯೊಂದರ ವೆಲ್ಡಿಂಗ್ ಅಂಗಡಿಯಲ್ಲಿ ಅವರನ್ನು ಹುಡುಕಿಕೊಂಡು ಹೋದೆ. ಸ್ಟೂಲು ಒರೆಸಿ ಕೂರಿಸಿ ಚಹಾ ತರಿಸಿದರು. ಕ್ಷಮೆ ಕೇಳಲು ಬಂದವಳು ಅವರ ಆರೋಗ್ಯ ವಿಚಾರಿಸಿದೆ. ಇಲ್ಲಿನ ಕೆಲಸ ಹೇಗಿದೆ ಎಂದೆ.

“ಇಲ್ಲಿ ಮಾಲಕ ಬೈದ್ರ ಕನ್ನಡದಾಗ ಬೈತಾನ್ರಿ. ಯಾಕ ಬೈದ ಅಂತ ತಿಳೀತೈತಿ” ಎಂದರು. ನಗುತ್ತಲೇ ಹೇಳಿದರು. ಕ್ಷಮೆ ಕೇಳದೆಯೇ ಎದ್ದು ಬಂದೆ.

ಶಬ್ದದ ಅರ್ಥ ನಿಘಂಟಿನಲ್ಲಿದೆ ಎಂದು ನಂಬಿ ಹತ್ತೊಂಬತ್ತು ವರ್ಷ ಪಾಠ ಹೇಳಿದ್ದೆ. ಅದನ್ನು ಓದುವವನು ಯಾವ ಕುರ್ಚಿಯಲ್ಲಿ ಕೂತಿದ್ದಾನೆಂದು ನಾನು ಕೇಳಿಕೊಂಡದ್ದೇ ಇಲ್ಲ. ಮರುವರ್ಷ ಇನ್ನೊಂದು ಕಾರ್ಖಾನೆಯಿಂದ ಕರೆ ಬಂತು, ಅಂಥವೇ ಮೌಲ್ಯಮಾಪನ ಪತ್ರಗಳು. ಒಬ್ಬೊಬ್ಬರ ಬಗ್ಗೆ ಬರೆದದ್ದನ್ನು ಮೊದಲು ಅವರಿಗೇ ಕನ್ನಡದಲ್ಲಿ ಓದಿ ಹೇಳಿ, ಅವರು ಹೂಂ ಎಂದ ಮೇಲೆ ಸಹಿ ಹಾಕುತ್ತೇನೆಂದೆ. ಕಾರ್ಖಾನೆಯವರು ಪಾಠಕ್ಕೆ ಬೇರೆಯವರನ್ನು ನೋಡಿಕೊಂಡರು.